ಸ್ಪ್ರೆಡರ್ ಬಾಟಲಿಯೊಳಗೆ ಒಬ್ಬ ಪ್ಲಾಟಿನಂ ದಲಾಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಕೇಳ್ತಿರೋರಿಗೆ ಇವತ್ತಿನ ವಿಷಯ ಗೊಬ್ಬರ, ಔಷಧಿ ಅಂಗಡೀಲೇ ಇದೆ. ತೆಂಗಿನ ಗರಿ ಅಡಿಯಲ್ಲಿ ಬಿಳಿ ನೊಣ ಸುರುಳಿ ಸುರುಳಿಯಾಗಿ ಮೊಟ್ಟೆ ಇಟ್ಟಿದೆ, ಕೆಳಗಿನ ಗರಿಗಳೆಲ್ಲ ಮಸಿ ಹತ್ತಿದಂಗೆ ಕಪ್ಪಾಗಿವೆ. ಬೇವಿನೆಣ್ಣೆ ಹೊಡೆಯೋಣ ಅಂತ ಹೋದ್ರೆ ಅಂಗಡಿಯವರು ಒಂದು ಚಿಕ್ಕ ಬಾಟಲಿಯನ್ನೂ ಮುಂದಿಡೋದುಂಟು: ಸಿಲಿಕೋನ್ ಸ್ಪ್ರೆಡರ್. ಟ್ಯಾಂಕಿಗೆ ಕೆಲವೇ ಎಂ.ಎಲ್. ಸಾಕು. ಆದ್ರೆ ಬೆಲೆ ಕೇಳಿದ್ರೆ ಸೋಪಿನ ನೀರೇ ವಾಸಿ ಅನ್ಸುತ್ತೆ.

ಇದು ಮಾಡೋ ಕೆಲಸ ಸರಳ. ತೆಂಗಿನ ಗರಿ ಮೇಲೆ ಮೇಣದ ಪದರ ಇರುತ್ತೆ, ಹಾಗಾಗಿ ಕೆಸುವಿನೆಲೆ ಮೇಲಿನ ಹಾಗೆ ನೀರು ಗುಂಡಗಾಗಿ ಉರುಳಿ ಹೋಗುತ್ತೆ. ನೀರಿನ ಮೇಲ್ಮೈ ಸೆಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಈ ಸ್ಪ್ರೆಡರ್ ಅದನ್ನ 20ರ ಆಸುಪಾಸಿಗೆ ಇಳಿಸುತ್ತೆ. ಆಗ ಹನಿ ಚಪ್ಪಟೆಯಾಗಿ ಎಲೆ ತುಂಬಾ ಹರಡುತ್ತೆ.

ತಯಾರಿಕೆ ಕಥೆ ಇನ್ನೂ ಚೆನ್ನಾಗಿದೆ. ಒಂದು ಕಡೆ ಸಿಲಿಕಾನ್-ಹೈಡ್ರೋಜನ್ ಬಂಧ ಇರೋ ಒಂದು ಎಣ್ಣೆಯಂಥ ದ್ರವ. ಇನ್ನೊಂದು ಕಡೆ ನೀರಿಗೆ ಒಗ್ಗೋ ಉದ್ದನೆ ಅಣು. ಅದರ ತುದಿಯಲ್ಲಿ ಎರಡು ಕಾರ್ಬನ್‌ಗಳ ನಡುವೆ ಒಂದು ದ್ವಿಬಂಧ. ಇಂಥ ದ್ವಿಬಂಧ ಇರೋ ಅಣುಗಳಿಗೆ ಆಲ್ಕೀನ್ ಅಂತಾರೆ. ಆ ದ್ವಿಬಂಧ ಬಿಚ್ಚಿ, ತುದಿಯ ಕಾರ್ಬನ್‌ಗೆ ಸಿಲಿಕಾನ್, ಪಕ್ಕದ್ದಕ್ಕೆ ಹೈಡ್ರೋಜನ್ ಸೇರಿಸೋದೇ ಹೈಡ್ರೋಸಿಲೈಲೇಷನ್. ಸುಮ್ನೆ ಬೆರೆಸಿಟ್ರೆ ಇಬ್ಬರೂ ಮುಖ ತಿರುಗಿಸಿಕೊಂಡು ಕೂತಿರ್ತಾರೆ.

ನಾನು ಬಿಕಾಂ ಓದಿದೋನು, ನಂಗೆ ಇದು ಎಪಿಎಂಸಿ ಭಾಷೇಲೇ ಅರ್ಥ ಆಗೋದು. ಕೊಬ್ಬರಿ ತಂದ ರೈತ, ಕೊಳ್ಳೋ ವರ್ತಕ, ನಡುವೆ ದಲಾಲ. ವ್ಯಾಪಾರ ಕುದುರಿಸಿ ಮುಂದಿನ ರಾಶಿಗೆ ಹೋಗ್ತಾನೆ. ಕ್ರಿಯಾವರ್ಧಕ ಅಂದ್ರೆ ಅದೇ. ಇಲ್ಲಿನ ದಲಾಲ ಪ್ಲಾಟಿನಂ. 1957ರಲ್ಲಿ ಅಮೆರಿಕದ ಡೌ ಕಾರ್ನಿಂಗ್‌ನ ಜಾನ್ ಸ್ಪೀಯರ್ ಮತ್ತು ಸಂಗಡಿಗರು ಪ್ಲಾಟಿನಂ ಸಂಯುಕ್ತದಿಂದ ಈ ಕೆಲಸ ಮಾಡಿ ತೋರಿಸಿದರು. 1973ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಬ್ರೂಸ್ ಕಾರ್ಸ್ಟೆಟ್ ಹೆಸರಿನಲ್ಲಿ ಇನ್ನೂ ಚುರುಕಾದ ಪ್ಲಾಟಿನಂ ದ್ರಾವಣಕ್ಕೆ ಪೇಟೆಂಟ್ ಸಿಕ್ತು. ಕಾರ್ಖಾನೆಗಳು ಇವತ್ತಿಗೂ ಹೆಚ್ಚಾಗಿ ನಂಬಿರೋದು ಅದನ್ನೇ. ನಿಮ್ಮ ಮೊಬೈಲಿನ ಮೆತ್ತನೆ ಸಿಲಿಕೋನ್ ಕವರ್, ಸ್ಟಿಕರ್ ಹಿಂದಿನ ಜಾರೋ ಕಾಗದ, ಇವುಗಳ ಹಿಂದೆಯೂ ಸಾಮಾನ್ಯವಾಗಿ ಇವನೇ.

ತಕರಾರು ಏನಪ್ಪಾ ಅಂದ್ರೆ, ಈ ದಲಾಲ ವ್ಯಾಪಾರ ಮುಗಿದ ಮೇಲೆ ಸರಕಿನ ಜೊತೆ ಲಾರಿ ಹತ್ತಿಬಿಡ್ತಾನೆ. ಹತ್ತು ಲಕ್ಷಕ್ಕೆ ಕೆಲವೇ ಪಾಲು ಇರೋ ಪ್ಲಾಟಿನಂ ಅನ್ನ ಬಾಟಲಿಯಿಂದ ವಾಪಸ್ ತೆಗೆಯೋಕೆ ಅದರ ಬೆಲೆಗಿಂತ ಹೆಚ್ಚು ಖರ್ಚು. ಗ್ರಾಮಿಗೆ ಸಾವಿರಗಟ್ಟಲೆ ರೂಪಾಯಿ ಬಾಳೋ ಲೋಹ ತೋಟದ ಮಣ್ಣು ಸೇರುತ್ತೆ. ಇನ್ನೊಂದು ಚಾಳಿ: ಒಂದಷ್ಟು ಅಣುಗಳಲ್ಲಿ ಇವನು ದ್ವಿಬಂಧವನ್ನ ತುದಿಯಿಂದ ಒಳಕ್ಕೆ ಸರಿಸಿಬಿಡ್ತಾನೆ. ಆಮೇಲೆ ಅದು ಸಿಲಿಕಾನ್ ಕೈಗೆ ಸಿಗಲ್ಲ. ಅದಕ್ಕೇ ಕಾರ್ಖಾನೆಯವರು ಆಲ್ಕೀನನ್ನ ಮೊದಲೇ ಜಾಸ್ತಿ ಸುರೀತಾರೆ. ಉಳಿದದ್ದು ಬಾಟಲಿಯಲ್ಲೇ ಇರುತ್ತೆ, ಅದಕ್ಕೂ ದುಡ್ಡು ಕೊಡೋರು ನಾವೇ.

2012ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪಾಲ್ ಚಿರಿಕ್ ತಂಡ, ಮೊಮೆಂಟಿವ್ ಕಂಪನಿಯವರ ಜೊತೆ ಸೇರಿ, ಕಬ್ಬಿಣದ ಕ್ರಿಯಾವರ್ಧಕದಿಂದ ಇದೇ ಕೆಲಸ ಮಾಡಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. ಹೌದು, ಗುಜರಿಗೆ ಹಾಕ್ತೀವಲ್ಲ, ಅದೇ ಕಬ್ಬಿಣ. ಸಿಲಿಕಾನ್ ಸರಿಯಾಗಿ ತುದಿಗೇ ಕೂತಿತ್ತು, ಬೇಡದ ಸರಕು ಕಮ್ಮಿ. ಹಾಗಾದ್ರೆ ಬಾಟಲಿ ಯಾಕೆ ಇನ್ನೂ ಅಗ್ಗ ಆಗಿಲ್ಲ? ಆ ಕಬ್ಬಿಣದ ಸಂಯುಕ್ತ ಮಹಾ ನಾಜೂಕು, ಗಾಳಿ, ತೇವ ತಾಕಿದ್ರೆ ಕೆಟ್ಟು ಹೋಗುತ್ತೆ. ಪ್ಲಾಟಿನಂ ದುಬಾರಿ ನಿಜ, ಆದ್ರೆ ಅದು ಒರಟು ಆಳು.

ಅಲ್ಲಿವರೆಗೆ ದುಡ್ಡು ಕೊಟ್ಟು ತಂದದ್ದನ್ನ ಹಾಳು ಮಾಡ್ಕೋಬೇಡಿ. ಹುಳಿ ಅಥವಾ ಕ್ಷಾರ ಜಾಸ್ತಿ ಇರೋ ನೀರಲ್ಲಿ ಈ ಅಣು ಮುರಿದು ಹೋಗುತ್ತೆ. ಬೆರೆಸಿದ್ದನ್ನ ಅವತ್ತೇ ಹೊಡೆದು ಮುಗಿಸಿ, ನಾಳೆಗೆ ಇಡಬೇಡಿ. ಲೇಬಲ್ಲಿನ ಅಳತೆ ದಾಟಬೇಡಿ, ಹೆಚ್ಚು ಸುರಿದ್ರೆ ಔಷಧಿ ಎಲೆಯಿಂದ ಇಳಿದೇ ಹೋಗುತ್ತೆ. ಜೇನಿನ ಮಾತೂ ಇದೆ. 2012ರಲ್ಲೇ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ಇಂಥ ಸಿಲಿಕೋನ್ ಸ್ಪ್ರೆಡರ್ ಕುಡಿದ ಜೇನುನೊಣಗಳ ಕಲಿಯೋ ಶಕ್ತಿ ಕುಂದಿತ್ತು, ವಾಸನೆ ಗುರುತಿಟ್ಟುಕೊಳ್ಳೋಕೆ ತಡವರಿಸಿದವು. ತೆಂಗಿಗೆ ಹೂವಿಲ್ಲದ ಕಾಲವೇ ಇಲ್ಲ, ವರ್ಷಪೂರ್ತಿ ಒಂದಲ್ಲ ಒಂದು ಹೊಂಬಾಳೆ ಬಿರಿದಿರುತ್ತೆ. ಹಾಗಾಗಿ ಹೊಡೆಯೋದಾದ್ರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಹೊತ್ತು, ಹೊಂಬಾಳೆ ತಪ್ಪಿಸಿ ಗರಿ ಅಡಿಗೆ ಮಾತ್ರ ಹೊಡೀರಿ.