ಪೆಡಲ್ ತುಳಿದು ನೀರಿನ ಮೇಲೆ ಹಾರಿದ ದೋಣಿ

ದೋಣಿಯ ವೇಗ ಇಮ್ಮಡಿಯಾಗಬೇಕಾದರೆ ಸುಮಾರು ಎಂಟು ಪಟ್ಟು ಶಕ್ತಿ ಬೇಕು. ನೀರಿನ ತಡೆ ಅಂಥದ್ದು. ಹಾಗಾದರೆ ಬರೀ ಕಾಲಿನ ಬಲದಿಂದ ಪೆಡಲ್ ತುಳಿದು ಎಷ್ಟು ವೇಗ ಸಾಧಿಸಬಹುದು? ಇದಕ್ಕಾಗಿ ಡುಪಾಂಟ್ ಕಂಪನಿ 25,000 ಡಾಲರ್ ಬಹುಮಾನ ಇಟ್ಟಿತ್ತು. ಅಮೆರಿಕದ ಎಂಐಟಿ ಸಂಸ್ಥೆಯ ತಂಡ ಪಣ ತೊಟ್ಟಿತು.

ತಂಡ ಕಟ್ಟಿದ ‘ಡೆಕಾವಿಟೇಟರ್’ ದೋಣಿಯ ಅಡಿಯಲ್ಲಿ ವಿಮಾನಕ್ಕಿರುವಂಥ ಎರಡು ರೆಕ್ಕೆಗಳು. ವೇಗ ಏರಿದಂತೆ ಅವು ದೋಣಿಯನ್ನೇ ನೀರಿನಿಂದ ಮೇಲೆತ್ತುತ್ತಿದ್ದವು. ವೇಗ ಇನ್ನೂ ಹೆಚ್ಚಿದಾಗ ದೊಡ್ಡ ರೆಕ್ಕೆಯನ್ನೂ ಹೊರಗೆತ್ತಿ, ಚಿಕ್ಕದರ ಆಸರೆಯಲ್ಲೇ ಸಾಗುವ ಏರ್ಪಾಡಿತ್ತು. ಮುಂದಕ್ಕೆ ನೂಕಲು ಗಾಳಿಯಲ್ಲಿ ತಿರುಗುವ ಪ್ರೊಪೆಲರ್.

1991ರ ಅಕ್ಟೋಬರ್ 27ರಂದು ಬಾಸ್ಟನ್‌ನ ಚಾರ್ಲ್ಸ್ ನದಿಯಲ್ಲಿ ಮಾರ್ಕ್ ಡ್ರೇಲಾ 100 ಮೀಟರ್ ದೂರವನ್ನು ಗಂಟೆಗೆ ಸುಮಾರು 34 ಕಿ.ಮೀ. ವೇಗದಲ್ಲಿ ಕ್ರಮಿಸಿದರು. 1993ರಲ್ಲಿ ಬಹುಮಾನ ತಂಡದ ಕೈಸೇರಿತು. ಕಾಲಿನ ಬಲಕ್ಕೆ ಮಿತಿಯುಂಟು; ಗೆಲುವು ಸಿಕ್ಕಿದ್ದು ತಡೆಯನ್ನು ತಗ್ಗಿಸಿದ್ದರಿಂದ.