ರೇಡಿಯೇಟರ್ ಬದಲಿಸುವ ಮುನ್ನ ಅರ್ತಿಂಗ್ ನೋಡಿ

ಮೇ ತಿಂಗಳ ರಜೆ ಹತ್ತಿರವಾಯಿತೆಂದರೆ ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ತಯಾರಿ ಶುರು. ರೈಲಿನ ಟಿಕೇಟು ಸಿಗದವರು, ಮದುವೆಗೋ ಪೂಜೆಗೋ ಮನೆಮಂದಿಯನ್ನೆಲ್ಲ ಒಟ್ಟಿಗೆ ಕರೆದೊಯ್ಯಬೇಕಾದವರು ಸ್ವಂತ ಕಾರನ್ನೇ ನೆಚ್ಚಿಕೊಳ್ಳುತ್ತಾರೆ. ಖಂಡಾಲ ಘಾಟಿಯ ಏರಿನಲ್ಲಿ, ನಡು ಮಧ್ಯಾಹ್ನದ ಬಿಸಿಲಿಗೆ ಬಾನೆಟ್ಟಿನಡಿಯಿಂದ ಬಿಳಿ ಹಬೆ ಎದ್ದಿತೆಂದರೆ ಮುಗಿಯಿತು. ವೃದ್ಧರು, ಮಕ್ಕಳು ರಸ್ತೆ ಬದಿಯಲ್ಲಿ, ಮಾಲಕರು ಮೆಕ್ಯಾನಿಕ್ಕಿನ ಹುಡುಕಾಟದಲ್ಲಿ.

ರೇಡಿಯೇಟರ್ ತೂತಾಗಿದೆ ಎನ್ನುತ್ತದೆ ಗ್ಯಾರೇಜು. ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸುತ್ತಾರೆ. ಕೆಲವೇ ತಿಂಗಳಲ್ಲಿ ಅದೂ ಸೋರತೊಡಗಿದರೆ ಮಾಲಕರು ‘ಡುಪ್ಲಿಕೇಟ್ ಮಾಲು’ ಎಂದು ಗ್ಯಾರೇಜಿನವರನ್ನು ದೂರುತ್ತಾರೆ, ಗ್ಯಾರೇಜಿನವರು ನೀರನ್ನು ದೂರುತ್ತಾರೆ. ಆದರೆ ಹೊಸ ರೇಡಿಯೇಟರನ್ನೂ ತಿಂದು ಹಾಕುವ ಮೂರನೆಯ ಕಾರಣವೊಂದಿದೆ. ಅದೇ ವಿದ್ಯುದ್ವಿಭಜನೆ, ಅಂದರೆ ಎಲೆಕ್ಟ್ರಾಲಿಸಿಸ್.

ಆಭರಣಕ್ಕೆ ಚಿನ್ನದ ನೀರು ಹತ್ತಿಸುವುದನ್ನು ಕಂಡವರಿಗೆ ಇದು ಹೊಸತಲ್ಲ. ಲವಣವಿರುವ ದ್ರಾವಣದಲ್ಲಿ ಎರಡು ಲೋಹಗಳನ್ನಿಟ್ಟು ವಿದ್ಯುತ್ ಹರಿಸಿದರೆ ಒಂದು ಕಡೆಯ ಲೋಹ ಕರಗುತ್ತದೆ. ಅಕ್ಕಸಾಲಿಗನ ಅಂಗಡಿಯಲ್ಲಿ ಇದು ಬೇಕೆಂದೇ ಮಾಡುವ ಕೆಲಸ, ಕಾರಿನೊಳಗೆ ಮಾತ್ರ ಬೇಡದ ಕೆಲಸ. ಈಗಿನ ಹೆಚ್ಚಿನ ಕಾರುಗಳ ರೇಡಿಯೇಟರ್ ತೆಳು ಅಲ್ಯೂಮಿನಿಯಮ್ಮಿನದು. ಹಿಂದಿನ ಕಾರುಗಳಲ್ಲಿದ್ದ ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ಬೆಸುಗೆ ಹಾಕಿ ಮತ್ತೆ ಓಡಿಸಬಹುದಿತ್ತು. ಅಲ್ಯೂಮಿನಿಯಮ್ ಹಗುರ, ಅಗ್ಗ, ಆದರೆ ಕೊಳವೆಗೆ ಸೂಜಿಮೊನೆಯಷ್ಟು ತೂತು ಬಿದ್ದರೂ ಸಾಮಾನ್ಯವಾಗಿ ಹೊಸದೇ ಗತಿ.

ಕೂಲೆಂಟಿನೊಳಗೆ ವಿದ್ಯುತ್ ಬರುವುದಾದರೂ ಎಲ್ಲಿಂದ? ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮುಗಿಸಿ ಬ್ಯಾಟರಿಗೇ ಹಿಂದಿರುಗಬೇಕು. ಲೆಕ್ಕದ ಪುಸ್ತಕದಲ್ಲಿ ಜಮೆ-ಖರ್ಚು ತಾಳೆಯಾಗುವಂತೆ ಇಲ್ಲಿಯೂ ಹೋದದ್ದಷ್ಟೂ ವಾಪಸು ಬರಲೇಬೇಕು. ಆ ವಾಪಸಾತಿಯ ದಾರಿಯೇ ಅರ್ತಿಂಗ್: ಬ್ಯಾಟರಿಯ ನೆಗೆಟಿವ್ ತುದಿಯಿಂದ ಬಾಡಿಗೂ ಇಂಜಿನ್ನಿಗೂ ಹೋಗುವ ದಪ್ಪ ಕೇಬಲ್ ಅಥವಾ ಹೆಣೆದ ಪಟ್ಟಿ. ಸ್ಟಾರ್ಟರ್ ತಿರುಗುವ ಕ್ಷಣದಲ್ಲಿ ನೂರಕ್ಕೂ ಹೆಚ್ಚು ಆಂಪಿಯರ್ ಈ ದಾರಿಯಲ್ಲಿ ಹರಿಯುತ್ತದೆ. ಮುಂಬಯಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಸೇರಿ ಈ ಪಟ್ಟಿಯ ಬೋಲ್ಟಿಗೆ ತುಕ್ಕು ಹಿಡಿಸಿದರೆ ಕರೆಂಟಿಗೆ ದಾರಿ ಕಟ್ಟಿದಂತಾಗುತ್ತದೆ. ಆಗ ಅದು ಗೇರಿನ ಕೇಬಲ್, ಕ್ಲಚ್ಚಿನ ಕೇಬಲ್, ಕೊನೆಗೆ ಕೂಲೆಂಟನ್ನೂ ಹಿಡಿದು ಅಡ್ಡದಾರಿಯಲ್ಲಿ ಹೊರಡುತ್ತದೆ.

ಇದರಲ್ಲಿ ಮಾಲಕರ ಹವ್ಯಾಸಗಳ ಪಾಲೂ ಕಡಿಮೆಯಿಲ್ಲ. ಕಾರು ಬಂದ ತಿಂಗಳೊಳಗೆ ದೊಡ್ಡ ಹಾರ್ನು, ಫಾಗ್ ಲೈಟು, ಸಂಗೀತದ ಆಂಪ್ಲಿಫೈಯರ್ ಎಲ್ಲ ಬರುತ್ತವೆ. ಅವನ್ನು ಜೋಡಿಸುವ ಹುಡುಗ ಕೈಗೆ ಸಿಕ್ಕಿದ ಬೋಲ್ಟಿಗೆ ನೆಗೆಟಿವ್ ವಯರ್ ಸುತ್ತುತ್ತಾನೆ. ಆ ಬೋಲ್ಟು ರೇಡಿಯೇಟರಿನ ಬ್ರಾಕೆಟ್ಟಿನದಾಗಿದ್ದರೆ ಕಾಯಿಲೆಯನ್ನು ದುಡ್ಡು ಕೊಟ್ಟು ತಂದಂತೆ.

ತಪಾಸಣೆಗೆ ದೊಡ್ಡ ಯಂತ್ರವೇನೂ ಬೇಡ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ರೇಡಿಯೇಟರಿನ ಮುಚ್ಚಳ ತೆರೆಯಬೇಕು. ಬಿಸಿಯಿರುವಾಗ ತೆರೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಯಬೇಕು, ಕೆಂಪು ಕಡ್ಡಿಯನ್ನು ಯಾವ ಲೋಹಕ್ಕೂ ತಾಗದಂತೆ ಕೂಲೆಂಟಿನಲ್ಲಿ ಅದ್ದಬೇಕು. 0.1 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. 0.3 ದಾಟಿದರೆ ಅಲ್ಯೂಮಿನಿಯಮ್ ಸವೆಯುತ್ತಿದೆ ಎಂದೇ ತಿಳಿಯಬೇಕು.

ಒಂದು ಸಲ ನೋಡಿ ಬಿಡುವುದು ಸಾಲದು. ಎಲ್ಲವೂ ಬಂದಾಗಿರುವಾಗ ಒಮ್ಮೆ, ಇನ್ನೊಬ್ಬರು ಸ್ಟಾರ್ಟರ್ ತಿರುಗಿಸುವಾಗ ಮತ್ತೊಮ್ಮೆ ಓದಬೇಕು. ಸ್ಟಾರ್ಟ್ ಮಾಡುವಾಗ ಅಂಕಿ ಥಟ್ಟನೆ ಏರಿದರೆ ಇಂಜಿನ್ನಿನ ಅರ್ತಿಂಗ್ ಪಟ್ಟಿಯ ಮೇಲೆ ಸಂಶಯಪಡಬೇಕು. ಬಳಿಕ ಇಂಜಿನ್ ಓಡುತ್ತಿರುವಾಗ ಹೆಡ್‌ಲೈಟು, ಎಸಿ, ಫ್ಯಾನು, ಹಾರ್ನು ಒಂದೊಂದನ್ನೇ ಚಾಲೂ ಮಾಡುತ್ತ ಹೋಗಬೇಕು. ಯಾವುದನ್ನು ಹಾಕಿದಾಗ ಅಂಕಿ ಏರಿತೋ ಅದರ ವಯರೇ ಅಪರಾಧಿ. ಫ್ಯಾನು, ಬೆಲ್ಟುಗಳಿಂದ ಕೈ ಮತ್ತು ಸೀರೆಯ ಸೆರಗು ದೂರವಿರಲಿ.

ಎಲ್ಲ ಸ್ವಿಚ್ಚು ಬಂದಾಗಿ, ಬ್ಯಾಟರಿಯ ಕೇಬಲನ್ನೇ ಕಳಚಿದರೂ ವೋಲ್ಟೇಜ್ ಉಳಿದರೆ ಅದು ಬೇರೆ ಕಾಯಿಲೆ. ಇಂಜಿನ್ನಿನೊಳಗಿನ ಕಬ್ಬಿಣ, ಅಲ್ಯೂಮಿನಿಯಮ್, ತಾಮ್ರ ಇವು ಕೆಟ್ಟ ಕೂಲೆಂಟಿನೊಡನೆ ಸೇರಿ ತಾವೇ ಒಂದು ಬ್ಯಾಟರಿಯಾಗಿವೆ ಎಂದರ್ಥ. ಇಲ್ಲಿ ವಯರ್ ತಿಕ್ಕಿ ಪ್ರಯೋಜನವಿಲ್ಲ. ಹಳೆಯ ಕೂಲೆಂಟ್ ತೆಗೆದು, ತೊಳೆದು, ಹೊಸದು ತುಂಬಬೇಕು. ಎರಡೂ ಕಾಯಿಲೆಗಳ ಲಕ್ಷಣ ಒಂದೇ ಆದುದರಿಂದ ಅನೇಕ ಗ್ಯಾರೇಜುಗಳಲ್ಲಿ ಒಂದರ ಮದ್ದನ್ನು ಇನ್ನೊಂದಕ್ಕೆ ಕೊಡುವುದುಂಟು. ಹೊಸ ಮಾದರಿಯ ಕಾರುಗಳಲ್ಲಿ ಬ್ಯಾಟರಿ ಕಳಚಿದರೆ ಕೆಲವು ಸೆಟ್ಟಿಂಗು ಅಳಿಸಿ ಹೋಗಬಹುದು, ಆದ್ದರಿಂದ ಈ ಹಂತವನ್ನು ತಿಳಿದವರಿಂದಲೇ ಮಾಡಿಸುವುದು ಲೇಸು.

ಕೂಲೆಂಟಿನ ಬಗ್ಗೆ ನಮ್ಮವರಲ್ಲಿ ಒಂದು ತಪ್ಪು ತಿಳುವಳಿಕೆ ಬೇರೂರಿದೆ. ಮುಂಬಯಿಯಲ್ಲಿ ಹಿಮ ಬೀಳುವುದೇ, ನೀರು ಹೆಪ್ಪುಗಟ್ಟದಿರುವ ಔಷಧ ಇಲ್ಲೇಕೆ ಎಂಬುದು ಅದು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಕುದಿಯುವ ಮಟ್ಟವನ್ನೂ ಏರಿಸುತ್ತದೆ, ಜೊತೆಗಿರುವ ಇತರ ರಾಸಾಯನಿಕಗಳು ಲೋಹ ಸವೆಯದಂತೆ ಕಾಯುತ್ತವೆ. ಈ ಕಾವಲುಗಾರರು ಕಾಲಕ್ರಮೇಣ ಮುಗಿದು ಹೋಗುವುದರಿಂದಲೇ ಕಾರಿನ ಪುಸ್ತಕದಲ್ಲಿ ಬದಲಿಸುವ ಅವಧಿ ಬರೆದಿರುತ್ತದೆ. ಬಣ್ಣ ಹಸುರಾಗಿಯೇ ಇದೆ ಎಂದು ಮುಂದೂಡಬಾರದು. ಬಣ್ಣ ಉಳಿದರೂ ಗುಣ ಉಳಿಯದು.

ಗಟ್ಟಿ ಕೂಲೆಂಟಾದರೆ ಡಬ್ಬಿಯಲ್ಲಿ ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಸೊಸೈಟಿಯ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಖಂಡಿತ ಬೇಡ. ಅದರಲ್ಲಿರುವ ಲವಣಗಳೇ ಕರೆಂಟಿಗೆ ಹೆದ್ದಾರಿ. ಬೆರೆಸಿಯೇ ಮಾರುವ ಕೂಲೆಂಟಿಗೆ ಮತ್ತೆ ನೀರು ಸೇರಿಸಬಾರದು.

ಸತುವಿನ ತುಂಡೊಂದನ್ನು ರೇಡಿಯೇಟರಿನೊಳಗೆ ಇಳಿಬಿಡುವ ಉಪಾಯವೂ ಇದೆ. ಸವೆಯಬೇಕಾದದ್ದು ಮೊದಲು ಅದು, ಅಲ್ಯೂಮಿನಿಯಮ್ ಅಲ್ಲ ಎಂಬುದು ತತ್ವ. ಇದರ ಮೂಲ ಹಡಗಿನಲ್ಲಿದೆ. 1824ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ, ಯುದ್ಧನೌಕೆಗಳ ತಳಕ್ಕೆ ಹೊದೆಸಿದ ತಾಮ್ರವನ್ನು ಉಳಿಸಲು ಕಬ್ಬಿಣ, ಸತುವಿನ ತುಂಡುಗಳನ್ನು ಜೋಡಿಸುವ ಸಲಹೆ ಕೊಟ್ಟ. ತಾಮ್ರವೇನೋ ಉಳಿಯಿತು. ಆದರೆ ತಾಮ್ರ ಕರಗುವುದು ನಿಂತದ್ದರಿಂದ ಚಿಪ್ಪುಜೀವಿಗಳು ನಿರಾತಂಕವಾಗಿ ತಳಕ್ಕೆ ಮೆತ್ತಿಕೊಂಡು ಹಡಗಿನ ವೇಗವೇ ಕುಗ್ಗಿತು, ಯೋಜನೆ ಕೈಬಿಡಬೇಕಾಯಿತು! ಉಕ್ಕಿನ ಹಡಗುಗಳಿಗೆ ಇಂದಿಗೂ ಸತುವಿನ ತುಂಡು ಕಟ್ಟುತ್ತಾರೆ. ಕಾರಿನಲ್ಲಿ ಮಾತ್ರ ಇದು ಕೆಟ್ಟ ಅರ್ತಿಂಗಿಗೆ ಪರಿಹಾರವಲ್ಲ, ಹೆಚ್ಚೆಂದರೆ ಕೆಲವು ದಿನಗಳ ವಾಯಿದೆ.

ರೇಡಿಯೇಟರಿನಿಂದಲೇ ಬಾಡಿಗೆ ಒಂದು ವಯರ್ ಎಳೆದರೆ ಸಾಕು ಎಂಬ ಸಲಹೆಯೂ ಕೇಳಿಬರುತ್ತದೆ. ಇದನ್ನು ಒಪ್ಪಬಾರದು. ಕರೆಂಟನ್ನು ಅಲ್ಲಿಗೇ ಕರೆದು ತಂದಂತಾಗುತ್ತದೆ. ಬದಲಿಗೆ ಪಟ್ಟಿಯ ಎರಡೂ ತುದಿ ಬಿಚ್ಚಿ, ತುಕ್ಕು, ಬಣ್ಣ ಕೆರೆದು, ಲೋಹಕ್ಕೆ ಲೋಹ ಕೂಡುವಂತೆ ಬಿಗಿದು ಮತ್ತೊಮ್ಮೆ ಮೀಟರ್ ಹಿಡಿಯಬೇಕು. ಅಂಕಿ ಇಳಿದ ಮೇಲೆಯೇ ಹೊಸ ರೇಡಿಯೇಟರ್ ಕೂರಿಸಬೇಕು.

ತೆಗೆದ ಹಳೆಯ ಕೂಲೆಂಟನ್ನು ಸೊಸೈಟಿಯ ಅಂಗಳದಲ್ಲಿ ಚೆಲ್ಲುವುದು ಬೇಡ. ರುಚಿಯಲ್ಲಿ ಸಿಹಿ, ಆದರೆ ಕಡು ವಿಷ. ನಾಯಿ, ಬೆಕ್ಕುಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಲೇಬಾರದು. ಮುಚ್ಚಿದ ಡಬ್ಬಿಯಲ್ಲಿ ಗ್ಯಾರೇಜಿನವರಿಗೇ ಒಪ್ಪಿಸಬೇಕು.