ಕರಿ ಹರಿಯುವ ಓಟ

ಕಾರಹುಣ್ಣಿಮೆಯ ಸಂಜೆ ಹಿರೇಬೆಂಡಿಗೇರಿಯ ಕಡೆಯ ಹಳ್ಳಿಗಳಲ್ಲಿ ಎತ್ತುಗಳು ಓಡುವುದನ್ನು ಪೇಟೆಯಲ್ಲಿರುವ ನಮ್ಮಲ್ಲಿ ಅನೇಕರು ಬರಿಯ ಪಂದ್ಯವೆಂದೇ ತಿಳಿದಿದ್ದೇವೆ. ಅದರ ಮೊದಲ ಭಾಗ ಹಿಂದಿನ ದಿನ, ಹೊನ್ನುಗ್ಗಿಯಂದು, ಮನೆಯಂಗಳದಲ್ಲಿಯೇ ನಡೆದಿರುತ್ತದೆ. ಅಂದು ಎತ್ತಿನ ಹೆಗಲ ಮೇಲೆ ನೊಗವಿಲ್ಲ. ಗಂಡಸರು ಮೈ ತೊಳೆದು ಕೋಡು ಸಿಂಗರಿಸುತ್ತಾರೆ. ಹೆಣ್ಣುಮಕ್ಕಳು ಆರತಿ ಬೆಳಗಿ ಬೇಯಿಸಿದ ಜೋಳ ತಿನ್ನಿಸುತ್ತಾರೆ. ವರುಷವಿಡೀ ದುಡಿದ ಎತ್ತು ಮೊದಲು ಉಣ್ಣಬೇಕು, ಮನೆಮಂದಿ ಆಮೇಲೆ.

ಮರುದಿನ ಊರ ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪು ಸುತ್ತಿದ ಹಗ್ಗ ಕಟ್ಟುತ್ತಾರೆ. ಇದೇ ಕರಿ. ಓಡಿಬಂದ ಬಿಳಿ ಎತ್ತು ಅದನ್ನು ಮೊದಲು ಹರಿದರೆ ಹಿಂಗಾರಿ ಬೆಳೆ, ಕೆಂದೆತ್ತು ಹರಿದರೆ ಮುಂಗಾರಿ ಬೆಳೆ ಹುಲುಸೆಂದು ನಂಬಿಗೆ. ಮಳೆ ಎತ್ತಿನ ಬಣ್ಣ ನೋಡಿ ಬರುವುದಿಲ್ಲವೆಂಬುದು ರೈತನಿಗೂ ಗೊತ್ತು, ಬಿಡಿ!

ಆದರೆ ಬಾರಕೋಲಿನಿಂದ ಹೊಡೆದು ಓಡಿಸಿದರೆ ಹಿಂದಿನ ದಿನದ ಆರತಿಗೆ ಅರ್ಥವೇನು? 2014ರಲ್ಲಿ ಸುಪ್ರೀಂ ಕೋರ್ಟು ಎತ್ತಿನ ಪಂದ್ಯಗಳನ್ನು ತಡೆಯಿತು. ಕರ್ನಾಟಕವು ಕಾಯದೆಯನ್ನು ತಿದ್ದಿತು. 2023ರಲ್ಲಿ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಎತ್ತಿಗೆ ವೃಥಾ ನೋವಾಗದಂತೆ ನೋಡಿಕೊಳ್ಳುವ ಹೊಣೆ ಓಡಿಸುವವರ ಮೇಲಿದೆ.

ಇತ್ತ ಟ್ರ್ಯಾಕ್ಟರು ಬಂದು ಎಷ್ಟೋ ಮನೆಗಳ ಗೋದಲಿ ಬರಿದಾಗಿದೆ. ಅಂಥಲ್ಲಿಯೂ ಹದಿನೈದು ದಿನದ ಮೇಲೆ, ಮಣ್ಣೆತ್ತಿನ ಅಮಾವಾಸ್ಯೆಗೆ, ಮಕ್ಕಳು ಮಣ್ಣಿನ ಜೋಡೆತ್ತು ತಂದು ಜಗಲಿಯ ಮೇಲಿಟ್ಟು ಪೂಜಿಸುತ್ತಾರೆ.